ಒಂದು ಎಕರೆ ತೋಟಕ್ಕೆ ಎಷ್ಟು ಸೊಪ್ಪು? ಬೆಟ್ಟ ಉಳಿಸಿಕೊಂಡು ಅಡಿಕೆ ಬೆಳೆಯುವ ಕ್ರಮ

ಮುಂದಿನ ಪೀಳಿಗೆಯ ಅಗತ್ಯಗಳಿಗೆ ಕುಂದು ತಾರದೆ ಇಂದಿನ ಅಗತ್ಯ ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎಂದು 1987ರ ಬ್ರಂಟ್‌ಲ್ಯಾಂಡ್ ವರದಿ ಹೇಳಿತು. ಅಡಿಕೆ ತೋಟದ ಮಟ್ಟಿಗೆ, ಕೊಯ್ಲಿನೊಂದಿಗೆ ಹೋದ ಸಾರ ಮಣ್ಣಿಗೆ ಮರಳಬೇಕು ಮತ್ತು ಆ ಸಾರವನ್ನು ಕೊಡುವ ಜಾಗವೂ ಬಡವಾಗಬಾರದು ಎಂದು ಇದನ್ನು ಅರ್ಥೈಸಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇಂದು ಕಡೆಗಣನೆಗೆ ಒಳಗಾಗಿರುವುದು ಈ ಎರಡನೆಯ ಮಾತು.

ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ಕಾಂಪೋಸ್ಟ್ ವಿಧಾನವನ್ನು ರೂಪಿಸುವ ಮೊದಲೇ ನಮ್ಮ ತೋಟಿಗರು ದರಕು (ಉದುರಿದ ಒಣ ಎಲೆ), ಸೊಪ್ಪು, ಸಗಣಿಗಳಿಂದ ಗೊಬ್ಬರ ಮಾಡುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು, ದರಕು ತರಲು ಬಿಟ್ಟ ಕಾಡಿನ, ಸೌಲಭ್ಯ ದೊರೆಯಿತು. ಆದರೆ ಸಿಕ್ಕಿದ್ದು ಬಳಕೆಯ ಹಕ್ಕೇ ಹೊರತು ಭೂಮಿಯ ಒಡೆತನವಲ್ಲ. 1983ರಲ್ಲಿ ಅಪ್ಪಿಕೋ ಚಳವಳಿ ಆರಂಭಿಸಿ, ಕಡಿತ ತಡೆಯಲು ಶಿರಸಿ ಬಳಿಯ ಸಾಲ್ಕಣಿಯ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತ ಜನರಿಗೂ ಕಾಡು ಮತ್ತು ತೋಟದ ಈ ನಂಟು ಚೆನ್ನಾಗಿ ತಿಳಿದಿತ್ತು.

ಮೊದಲು ಲೆಕ್ಕ ಹಾಕಿಕೊಳ್ಳಿ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರಗಳಾಗುತ್ತವೆ. ಮರವೊಂದಕ್ಕೆ ವರ್ಷಕ್ಕೆ 12 ಕೆ.ಜಿ. ಹಸಿರೆಲೆ, 12 ಕೆ.ಜಿ. ಗೊಬ್ಬರ ಎಂಬುದು ಶಿಫಾರಸು. ಅಂದರೆ ಸೊಪ್ಪೇ ಆರೂವರೆ ಟನ್ನಿಗೂ ಹೆಚ್ಚು. ಬೆಟ್ಟ ಅಷ್ಟು ಕೊಡಲಾರದಿದ್ದರೆ ತೋಟ ವಿಸ್ತರಿಸುವ ಯೋಚನೆಯನ್ನು ಕೈಬಿಡುವುದು ಲೇಸು.

ಬೆಟ್ಟವನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲಿನಲ್ಲಿ ಮಾತ್ರ ಸೊಪ್ಪು ಕಡಿಯಿರಿ. ಮತ್ತಿ, ಹೊನ್ನೆ, ಕಿಂದಳ ಯಾವುದೇ ಆಗಲಿ, ನೆತ್ತಿಯ ಕುಡಿಯನ್ನು ಮುಟ್ಟದೆ, ಪಕ್ಕದ ಕೊಂಬೆಯನ್ನು ಕಾಂಡಕ್ಕೆ ತಾಗಿಸದೆ ಗೇಣುದ್ದ ಬಿಟ್ಟು ಕತ್ತರಿಸಿದರೆ ಅದೇ ಮೋಟಿನಿಂದ ಹೊಸ ಚಿಗುರು ಒಡೆಯುತ್ತದೆ. ಬೋಳಿಸಿದ ಮರವಾದರೋ ಕಂಬದಂತೆ ನಿಂತು ಕ್ರಮೇಣ ಒಣಗುತ್ತದೆ. ಎಳೆಯ ಸಸಿಗಳಿಗೆ ಕತ್ತಿ ತಾಗಿಸಬೇಡಿ.

ಬೇಸಿಗೆಯಲ್ಲಿ ದರಕು ಗುಡಿಸುವಾಗ ಮೂರನೆಯ ಒಂದು ಪಾಲನ್ನಾದರೂ ನೆಲದಲ್ಲೇ ಬಿಡಿ, ಇಲ್ಲವಾದರೆ ಮೊದಲ ಮಳೆಗೇ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ತಂದ ದರಕನ್ನು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿ, ಗಂಜಲ ಹೀರಿದ ಮೇಲೆ ಸಗಣಿಯೊಂದಿಗೆ ಗೊಬ್ಬರಗುಂಡಿಗೆ ಪದರಪದರವಾಗಿ ಹಾಕಿ, ಮಳೆನೀರು ಬೀಳದಂತೆ ಮೇಲೆ ಸೂರು ಕಟ್ಟಿ. ಸರಿಯಾಗಿ ಕಳಿತ ಗೊಬ್ಬರ ಕಪ್ಪಾಗಿ ಪುಡಿಯಾಗಿರುತ್ತದೆ, ಕೈಗೆ ಬಿಸಿ ತಾಗುವುದಿಲ್ಲ. ಕೊಟ್ಟಿಗೆ ಬರಿದಾದ ಮನೆಯವರು ಲಾರಿಯಲ್ಲಿ ಗೊಬ್ಬರ ತರಿಸಿ ಸಾವಯವವೆಂದು ಸಮಾಧಾನಪಡುವುದುಂಟು. ಅದು ಇನ್ನೊಂದು ಊರಿನ ಹೊಲದ ಸಾರವೆಂಬುದನ್ನು ಲೆಕ್ಕದಲ್ಲಿ ಇಡಬೇಕು.

ಹಸಿ ಸೊಪ್ಪನ್ನು ಮಳೆಗಾಲಕ್ಕೆ ಮುನ್ನ ಹಾಸಿ, ಕಾದಿಗೆಗಳನ್ನು (ತೋಟದ ನೀರು ಹರಿದುಹೋಗುವ ಕಾಲುವೆಗಳನ್ನು) ಅದೇ ಹೊತ್ತಿಗೆ ಬಿಡಿಸಿ. ಕಳಿತ ಗೊಬ್ಬರವನ್ನು ಮಳೆ ತಗ್ಗಿದ ಬಳಿಕ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮರದ ಬುಡದ ಸುತ್ತ ಹಾಕಿ ತೆಳುವಾಗಿ ಮಣ್ಣು ಮುಚ್ಚಿರಿ.