ಗಾಜಿಗೆ ಗಂಜಿ ಕುಡಿಸಿದ್ದು

'ಗಾಜಿಗೆ ಗಂಜಿ ಕುಡಿಸುವವನು' ಎಂದು ಬೆಂಗಳೂರಿನ ಕಾಮಾಕ್ಷಿಪಾಳ್ಯದ ನಮ್ಮ ಶೆಡ್ಡಿನ ಬೀದಿಯವರು ಎರಡು ವರ್ಷ ನನ್ನನ್ನು ಆಡಿಕೊಂಡರು. ಈ ಏಪ್ರಿಲ್‌ನಲ್ಲಿ ಅವರಲ್ಲೇ ಇಬ್ಬರು ಬಂದು ತಮ್ಮ ಕಿಟಕಿಗಳ ಅಳತೆ ಕೊಟ್ಟು ಹೋದರು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಮಾಡಹೊರಟಿದ್ದು ಬಿಸಿಲಿನ ಶಾಖವನ್ನು ಮನೆಯೊಳಗೆ ಬಿಡದ ಕಿಟಕಿ ಗಾಜು.

ಮೊದಲು ದುಡ್ಡು ಕಳೆದದ್ದು ಗಾಜಿಗೆ ಅಂಟಿಸುವ ಕರೆಂಟಿನ ಫಿಲ್ಮ್‌ನಲ್ಲಿ. ಸ್ವಿಚ್ ಹಾಕಿದರೆ ತಿಳಿ, ಆರಿಸಿದರೆ ಹಾಲು. ಮರೆಗೆ ಸರಿ, ಆದರೆ ಹಾಲಾದಾಗಲೂ ಬಿಸಿಲಿನ ಬಹುಪಾಲು ಚದುರಿಕೊಂಡು ಒಳಕ್ಕೇ ಬರುತ್ತದೆ. ಹದಿನೆಂಟು ಸಾವಿರ ನೀರಿಗೆ ಹೋಯಿತು. ಟಂಗ್‌ಸ್ಟನ್ ಆಕ್ಸೈಡ್ ಲೇಪದ ಗಾಜು, ಅಂದರೆ ಕರೆಂಟು ಕೊಟ್ಟರೆ ಬಣ್ಣ ಕಟ್ಟಿ ಬಿಸಿಲು ತಡೆಯುವಂಥದ್ದು, ನಮ್ಮ ಶೆಡ್ಡಿನಲ್ಲಿ ಆಗುವ ಕೆಲಸವಲ್ಲ.

ಆಮೇಲೆ ಹಿಡಿದದ್ದು ಮಾತ್ರೆ ತಯಾರಕರು ಬಳಸುವ ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಪುಡಿ. ಎರಡು ಗಾಜುಗಳ ನಡುವೆ ತುಂಬಿದ ಅದರ ಗಂಜಿ 40 ಡಿಗ್ರಿ ದಾಟಿದ ಮೇಲೆ ಬೆಳ್ಳಗಾಗಿ, ಆ ಫಿಲ್ಮಿಗಿಂತ ಹೆಚ್ಚು ಬಿಸಿಲನ್ನು ಹೊರಕ್ಕೆ ತಿರುಗಿಸುತ್ತದೆ, ತಣಿದರೆ ಮತ್ತೆ ತಿಳಿ. ಉಪ್ಪು ಬೆರೆಸಿದರೆ ಇನ್ನೂ ಕಡಿಮೆ ಶಾಖಕ್ಕೇ ಬೆಳ್ಳಗಾಗುತ್ತದೆ. ನಾನು 34ರ ಆಸುಪಾಸಿಗೆ ಇಳಿಸಿದ್ದೇನೆ. ಎಷ್ಟು ಉಪ್ಪು ಎಂದು ಕೇಳಬೇಡಿ, ಅದು ನನ್ನ ಅನ್ನ.

ಪುಡಿಯನ್ನು ತಣ್ಣೀರಿಗೆ ಸುರಿದರೆ ರಾಗಿ ಹಿಟ್ಟಿನಂತೆ ಗಂಟುಕಟ್ಟುತ್ತದೆ. ಬಿಸಿನೀರಿನಲ್ಲಿ ಕದಡಿ, ತಣಿಯುವಾಗ ಕರಗಲು ಬಿಡಬೇಕು. ಇದು ತಿಳಿಯುವಷ್ಟರಲ್ಲಿ ಒಂದು ಕೆಜಿ ಹಾಳು. ಮೊದಲ ಗಾಜು ನಾಲ್ಕಡಿ ಎತ್ತರ, ನಡುವೆ 2 ಮಿ.ಮೀ. ಸಂದು. ನಿಲ್ಲಿಸಿದ ಅರ್ಧ ಗಂಟೆಗೆ ಗಂಜಿಯ ಭಾರಕ್ಕೆ ಬುಡ ಊದಿಕೊಂಡಿತು. ಈಗ ಎರಡಡಿಗೊಂದು ಅಡ್ಡಪಟ್ಟಿ ಕೊಡುತ್ತೇನೆ. ಎರಡನೆಯದು ಅಂಚಿಗೆ ಬರೀ ಸಿಲಿಕೋನ್ ಅಂಟು ನಂಬಿ ಸೋರಿತು. ಒಳಗೆ ಬುಟೈಲ್, ಹೊರಗೆ ಪಾಲಿಸಲ್ಫೈಡ್ ಅಂಟು ಕೊಟ್ಟ ಮೇಲೆ ನಿಂತಿತು. ಮೂರನೆಯದಕ್ಕೆ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಉಪ್ಪಿನಕಾಯಿಗೆ ಹಾಕುವ ಸೋಡಿಯಂ ಬೆಂಜೊಯೇಟ್ ಹಾಕಿ ನೋಡಿದೆ, ನಾಟಲಿಲ್ಲ. ಅದಕ್ಕೆ ಹುಳಿ ಬೇಕು, ನನ್ನ ಗಂಜಿಯಲ್ಲಿ ಹುಳಿಯೆಲ್ಲಿ? ಈಗ ಹಾಕುವುದೇ ಬೇರೆ, ಅದನ್ನೂ ಹೇಳುವುದಿಲ್ಲ.

ನಡುವೆ ಪೂರ್ವದ ಕಿಟಕಿಗೂ ಒಂದು ಹಾಕಿ ನೋಡಿದೆ. ದಂಡ. ರಾತ್ರಿಯೆಲ್ಲ ತಣಿದ ಗಾಜು ಕಾಯುವಷ್ಟರಲ್ಲಿ ಸೂರ್ಯ ನೆತ್ತಿಯತ್ತ ಏರಿರುತ್ತಾನೆ.

ಕೂಲಿ ಸೇರಿ ಚದರಡಿಗೆ ಸುಮಾರು 450 ರೂಪಾಯಿ ಬಿತ್ತು. ವಿಜಯನಗರದ ನಮ್ಮ ಮನೆಯ ಪಶ್ಚಿಮದ ಕೋಣೆಯಲ್ಲಿ ಸಂಜೆ ನಾಲ್ಕಕ್ಕೆ ಮೂರು ಡಿಗ್ರಿ ಕಡಿಮೆ, ಎ.ಸಿ. ಹಾಕುವುದು ಈಗ ಊಟವಾದ ಮೇಲೆ. ಏಪ್ರಿಲ್ ಬಿಲ್ಲಿನಲ್ಲಿ ಅರವತ್ತು ಯೂನಿಟ್‌ನಷ್ಟು ಇಳಿದಿತ್ತು.

ನನ್ನವಳಿಗೆ ಯೂನಿಟ್ ಲೆಕ್ಕ ಬೇಡ. ಮೂರೂವರೆ ಹೊತ್ತಿಗೆ ಗಾಜು ನಡುವಿನಿಂದ ಬೆಳ್ಳಗಾಗುತ್ತಾ ಬರುತ್ತದೆ. ಎದುರು ಮನೆಯ ನೀರಿನ ಟ್ಯಾಂಕಿನ ನೆರಳು ಬಿದ್ದಷ್ಟು ಜಾಗ ಮಾತ್ರ ತಿಳಿಯಾಗಿಯೇ ಉಳಿಯುತ್ತದೆ. ಆ ಕಿಂಡಿಯಲ್ಲಿ ಅವಳು ಬೀದಿ ನೋಡುತ್ತಾಳೆ.