ಲಿಥಿಯಂ ಹಾಕಿದ ಮೇಲೆ ಗಾಲ್ಫ್ ಕಾರ್ಟ್‌ನ ವೋಲ್ಟೇಜ್ ಓದಲು ಕಲಿತದ್ದು: ನನ್ನ ಅನುಭವ

ಗಾಲ್ಫ್ ಕಾರ್ಟ್‌ನ ಹಳೆಯ ಲೆಡ್ ಆಸಿಡ್ ಬ್ಯಾಟರಿಗಳನ್ನು ತೆಗೆದು ಲಿಥಿಯಂ ಪ್ಯಾಕ್ ಹಾಕಿದ ಮೊದಲ ವಾರ ತುಂಬಾ ಖುಷಿಯಲ್ಲಿದ್ದೆ. ಎಷ್ಟು ಓಡಿಸಿದರೂ ಮೀಟರ್ ಮುಳ್ಳು ಕೆಳಗೆ ಇಳಿಯುತ್ತಲೇ ಇರಲಿಲ್ಲ. ಒಂದು ದಿನ ಏರಿನಲ್ಲಿ ಹೋಗುತ್ತಿದ್ದಾಗ ಗಾಡಿ ನಿಂತೇಬಿಟ್ಟಿತು. ಸ್ವಲ್ಪ ಮುಂಚೆ ನೋಡಿದಾಗಲೂ ಮೀಟರ್ 'ಫುಲ್' ಅಂತಲೇ ತೋರಿಸಿತ್ತು.

ಪ್ಯಾಕ್ ಕೆಟ್ಟಿರಲಿಲ್ಲ. ಮೀಟರ್ ಕೂಡ ಕೆಟ್ಟಿರಲಿಲ್ಲ. ಆ ಮೀಟರ್ ಲೆಡ್ ಆಸಿಡ್‌ಗೆ ಅಂತ ಮಾಡಿದ್ದು, ಅಷ್ಟೇ. 48 ವೋಲ್ಟ್‌ನ ಲೆಡ್ ಆಸಿಡ್ ಸೆಟ್ ಪೂರ್ತಿ ತುಂಬಿ ವಿಶ್ರಾಂತಿಯಲ್ಲಿದ್ದರೆ ಸುಮಾರು 51 ವೋಲ್ಟ್ ಇರುತ್ತದೆ. ಅರ್ಧ ಖಾಲಿಯಾದಾಗ 48.5ರ ಆಸುಪಾಸು. ಖರ್ಚಾದ ಹಾಗೆಲ್ಲ ವೋಲ್ಟೇಜೂ ಒಂದೇ ಸಮನೆ ಇಳಿಯುತ್ತದೆ. ಅದಕ್ಕೇ ಅದರಲ್ಲಿ ವೋಲ್ಟೇಜ್ ನೋಡಿ ಚಾರ್ಜ್ ಹೇಳಬಹುದು.

ನನ್ನದು ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್. ಒಂದು ಸೆಲ್‌ಗೆ 3.2 ವೋಲ್ಟ್, ಸಾಲಾಗಿ 16 ಸೆಲ್, ಒಟ್ಟು 51.2. ರೂಢಿಯಲ್ಲಿ ಇದನ್ನೂ 48 ವೋಲ್ಟ್ ಅಂತಲೇ ಕರೆಯುತ್ತಾರೆ. 15 ಸೆಲ್‌ನ ಪ್ಯಾಕ್‌ಗಳೂ ಸಿಗುತ್ತವೆ, ಅವು ಸರಿಯಾಗಿ 48. ಪ್ಯಾಕ್ ಮೇಲಿನ ಲೇಬಲ್ ಓದದೆ ಚಾರ್ಜರ್ ಕೊಳ್ಳಬೇಡಿ. 16 ಸೆಲ್‌ಗೆ 58.4 ವೋಲ್ಟ್ ಚಾರ್ಜರ್ ಬೇಕು, 15 ಸೆಲ್‌ಗೆ 54.75 ಸಾಕು.

ಆಮೇಲೆ ಒಂದು ಶಂಟ್ ಮೀಟರ್ (ಬ್ಯಾಟರಿಯ ಕರೆಂಟ್ ಅಳೆಯುವ ಸಾಧನ) ತಂದು ಪ್ಯಾಕ್‌ನ ನೆಗೆಟಿವ್ ಕಡೆ ಜೋಡಿಸಿದೆ. ಕೆಲಸಕ್ಕೆ ಕೂರುವ ಮೊದಲು ಉಂಗುರ, ವಾಚು ಬಿಚ್ಚಿಟ್ಟು, ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿದೆ. ಎರಡು ಟರ್ಮಿನಲ್‌ಗೂ ಒಟ್ಟಿಗೆ ಸ್ಪ್ಯಾನರ್ ತಾಗಿದರೆ ಲಿಥಿಯಂ ಪ್ಯಾಕ್ ಕ್ಷಣದಲ್ಲಿ ನೂರಾರು ಆಂಪಿಯರ್ ಸುರಿಯುತ್ತದೆ. ಇದರಲ್ಲಿ ಅವಸರ ಸಲ್ಲದು. ಶಂಟ್, ಪ್ಯಾಕ್‌ನ ಒಳಗೆ ಹೋದ ಮತ್ತು ಅದರಿಂದ ಹೊರಗೆ ಬಂದ ಕರೆಂಟನ್ನು ಲೆಕ್ಕ ಇಡುತ್ತದೆ, ವೋಲ್ಟೇಜ್ ನೋಡಿ ಊಹಿಸುವುದಿಲ್ಲ.

ಫುಲ್ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ನೆ ಬಿಟ್ಟು ಮಲ್ಟಿಮೀಟರ್ ಹಿಡಿದೆ. ಚಾರ್ಜಿಂಗ್‌ನಲ್ಲಿ 58.4 ಮುಟ್ಟಿದ್ದು 54ಕ್ಕೆ ಬಂದು ನಿಂತಿತ್ತು. ಮೊದಲ ಸಲ ಇದನ್ನು ನೋಡಿದರೆ ಪ್ಯಾಕ್ ಸೋರುತ್ತಿದೆಯೇನೋ ಅನ್ನಿಸುತ್ತದೆ. ಹಾಗೇನಿಲ್ಲ, ಈ ಸೆಲ್‌ಗಳ ಸಹಜ ಮಟ್ಟವೇ ಅಷ್ಟು. ಮುಂದೆ ಕೆಲವು ದಿನ ಓಡಿಸುತ್ತಾ, ನಿಲ್ಲಿಸಿ, ಆರಲು ಬಿಟ್ಟು, ಬರೆದುಕೊಳ್ಳುತ್ತಾ ಹೋದೆ. ಶೇ. 80 ಇದ್ದಾಗ 53.1. ಶೇ. 50 ಇದ್ದಾಗ 52.3. ಶೇ. 20 ಇದ್ದಾಗ 51.3. ಅಂದರೆ ಶೇ. 80ರಿಂದ 20ಕ್ಕೆ ಬರುವಷ್ಟರಲ್ಲಿ ಪ್ಯಾಕ್‌ನ ಅರ್ಧಕ್ಕಿಂತ ಜಾಸ್ತಿ ಖರ್ಚಾದರೂ ಇಳಿದದ್ದು ಎರಡು ವೋಲ್ಟ್‌ಗಿಂತ ಕಡಿಮೆ! ಹಳೆಯ ಮೀಟರ್ ಕಣ್ಣಿಗೆ 51.3 ಕೂಡ ಫುಲ್ ಅಲ್ವಾ? ಶೇ. 10ರಿಂದ ಕೆಳಗೆ ಮಾತ್ರ ದಢಕ್ಕನೆ ಬೀಳುತ್ತದೆ. ಸೆಲ್ 2.5ರ ಹತ್ತಿರ ಬಂದರೆ ಪ್ಯಾಕ್ ಒಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್) ಕರೆಂಟನ್ನೇ ಕಡಿದು ಹಾಕುತ್ತದೆ. ಆ ದಿನ ಏರಿನಲ್ಲಿ ಆದದ್ದು ಅದೇ.

ಹಾಗಂತ ವೋಲ್ಟೇಜ್ ನೋಡುವುದನ್ನು ನಾನು ಬಿಟ್ಟಿಲ್ಲ. ಎಷ್ಟು ಉಳಿದಿದೆ ಅಂತ ಕೇಳಲು ಶಂಟ್ ಇದೆ. ಪ್ಯಾಕ್ ಮತ್ತು ವೈರಿಂಗ್ ಹೇಗಿದೆ ಅಂತ ಕೇಳಲು ವೋಲ್ಟೇಜೇ ಬೇಕು. ಆಕ್ಸಿಲರೇಟರ್ ಒತ್ತಿದಾಗ ವೋಲ್ಟೇಜ್ ಒಂದಷ್ಟು ಕುಗ್ಗುವುದು ಮಾಮೂಲು, ಕಾಲು ತೆಗೆದರೆ ಮೇಲೆ ಬರುತ್ತದೆ. ನನ್ನದು ಯಾಕೋ ಜಾಸ್ತಿ ಕುಗ್ಗುತ್ತಿತ್ತು. ಮಲ್ಟಿಮೀಟರ್‌ನ ಎರಡು ವೈರನ್ನು ಕ್ಲಿಪ್ ಹಾಕಿ ಒಂದೊಂದು ಜಾಯಿಂಟ್‌ನ ಆಚೆ ಈಚೆ ಸಿಕ್ಕಿಸಿದೆ. ಜೊತೆಗಿದ್ದವರು ಗಾಡಿ ಓಡಿಸಿದರು, ನಾನು ಮೀಟರ್ ನೋಡುತ್ತಾ ಕೂತೆ. ಒಳ್ಳೆಯ ಜಾಯಿಂಟ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಒಂದು ಕಡೆ 0.4 ವೋಲ್ಟ್ ಬಂತು. 150 ಆಂಪಿಯರ್ ಹರಿಯುವಾಗ 0.4 ವೋಲ್ಟ್ ಅಂದರೆ 60 ವಾಟ್ ಶಾಖ, ಅದೂ ಬೆರಳಿನಷ್ಟು ಜಾಗದಲ್ಲಿ. ಗಾಡಿ ನಿಲ್ಲಿಸಿ, ಪ್ಯಾಕ್ ಆಫ್ ಮಾಡಿ, ಲಗ್ (ವೈರಿನ ತುದಿಯ ಲೋಹದ ಕೊಂಡಿ) ಬಿಚ್ಚಿ ಉಜ್ಜಿ ಮತ್ತೆ ಬಿಗಿ ಮಾಡಿದೆ. ಕುಗ್ಗುವುದು ಕಡಿಮೆಯಾಯಿತು.

ಇನ್ನೊಂದು ಸಲ 58.4 ಬರುವ ಬದಲು 55ಕ್ಕೇ ಚಾರ್ಜಿಂಗ್ ನಿಂತುಹೋಯಿತು. ಬಿಎಂಎಸ್‌ನ ಮೊಬೈಲ್ ಆ್ಯಪ್ ತೆರೆದು ನೋಡಿದರೆ ಒಂದು ಸೆಲ್ ಆಗಲೇ 3.65 ದಾಟಿತ್ತು, ಉಳಿದವು 3.4ರಲ್ಲೇ ಇದ್ದವು. ಮುಂದೆ ಓಡಿದ ಆ ಒಂದು ಸೆಲ್ ಕಾಪಾಡಲು ಬಿಎಂಎಸ್ ಚಾರ್ಜ್ ತಡೆದಿತ್ತು. ಪ್ಯಾಕ್ ಅರ್ಧ ಇರುವಾಗ ನೋಡಿದ್ದರೆ ಎಲ್ಲವೂ ಒಂದೇ ಅಂಕಿ ತೋರಿಸುತ್ತಿದ್ದವು. ಸೆಲ್‌ಗಳ ನಡುವಿನ ವ್ಯತ್ಯಾಸ ಗೊತ್ತಾಗುವುದು ಚಾರ್ಜ್‌ನ ತುದಿಯಲ್ಲೇ. ಕೆಲವು ಸಲ ಪೂರ್ತಿ ಚಾರ್ಜ್‌ಗೆ ಹಾಕಿ, ತುಂಬಿದ ಮೇಲೂ ಚಾರ್ಜರ್ ತೆಗೆಯದೆ ಗಂಟೆಗಟ್ಟಲೆ ಬಿಟ್ಟೆ. ಬಿಎಂಎಸ್ ನಿಧಾನವಾಗಿ ಸಮ ಮಾಡಿಕೊಂಡಿತು. ತಾಳ್ಮೆ ಬೇಕು, ಅಷ್ಟೇ.

ಹಳೆಯ ಚಾರ್ಜರ್ ಮಾತ್ರ ದಯವಿಟ್ಟು ಬಳಸಬೇಡಿ. ಲೆಡ್ ಆಸಿಡ್ ಚಾರ್ಜರ್‌ಗಳಲ್ಲಿ ಕೆಲವು ಈಕ್ವಲೈಸ್ ಹಂತದಲ್ಲಿ (ಸೆಲ್‌ಗಳನ್ನು ಸಮ ಮಾಡಲು ಹೆಚ್ಚು ವೋಲ್ಟೇಜ್ ಕೊಡುವಾಗ) 60 ವೋಲ್ಟ್ ದಾಟುತ್ತವೆ. ಪ್ರತಿ ಸಲ ಬಿಎಂಎಸ್ ಬಂದು ಕಾಪಾಡಲಿ ಅಂತ ಬಿಡುವುದು ಸರಿಯಲ್ಲ. ಪ್ಯಾಕ್ ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದರೆ ಚಾರ್ಜ್ ಮಾಡಲೇಬಾರದು. ಇಳಿಯುವಾಗ ಮೋಟಾರ್ ಬ್ಯಾಟರಿಗೆ ಕರೆಂಟ್ ವಾಪಸ್ ಕಳಿಸುವ ಗಾಡಿಯಾದರೆ, ಪೂರ್ತಿ ತುಂಬಿಸಿ ನೇರ ಇಳಿಜಾರಿಗೆ ಹೋಗಬೇಡಿ. ತುಂಬಿದ ಪ್ಯಾಕ್‌ನಲ್ಲಿ ಅದಕ್ಕೆ ಜಾಗವಿಲ್ಲದೆ ಬಿಎಂಎಸ್ ಕಡಿಯಬಹುದು.

ಈಗ ದಿನಾ ಶಂಟ್‌ನ ಶೇಕಡಾ ನೋಡುತ್ತೇನೆ, ಶೇ. 20ಕ್ಕೆ ಬಂದರೆ ಚಾರ್ಜ್‌ಗೆ ಹಾಕುತ್ತೇನೆ. ಶಂಟ್‌ನ ಲೆಕ್ಕವೂ ದಿನ ಕಳೆದಂತೆ ಚೂರು ಚೂರು ತಪ್ಪುತ್ತದೆ. ಅದಕ್ಕೇ ಎರಡು ವಾರಕ್ಕೊಮ್ಮೆ ಪ್ಯಾಕ್ ಪೂರ್ತಿ ತುಂಬಿಸುತ್ತೇನೆ. 58.4 ಮುಟ್ಟಿ ಕರೆಂಟ್ ಸೊನ್ನೆಯ ಹತ್ತಿರ ಬಂದಾಗ ಮೀಟರನ್ನು 100ಕ್ಕೆ ಕೂರಿಸಿ ಚಾರ್ಜರ್ ತೆಗೆಯುತ್ತೇನೆ.