ಗುಲಾಬಿಯ ಮೈಟ್ಸ್‌ಗೆ ರೋಸ್‌ಮೇರಿ ಎಣ್ಣೆ: ನನ್ನ ಅನುಭವ

ದೊಡ್ಡಬಳ್ಳಾಪುರದ ಹತ್ತಿರ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್‌ನಲ್ಲಿ ತಾಜ್‌ಮಹಲ್ ತಳಿಯ ಗುಲಾಬಿ ಬೆಳೆಯುತ್ತೇನೆ. ಬಿಸಿಲು ಏರಿತೆಂದರೆ ಎಲೆಯ ರಸ ಹೀರುವ ಎರಡು ಚುಕ್ಕಿ ನುಸಿಯ (ಮೈಟ್ಸ್) ಕಾಟ ಶುರು. ಒಳಗೆ ಮಳೆ ಬೀಳುವುದಿಲ್ಲ, ಗಾಳಿ ಒಣಗಿರುತ್ತದೆ; ಅದಕ್ಕೆ ಬೇಕಾದ್ದೂ ಅದೇ. 30 ಡಿಗ್ರಿ ಸೆಖೆಯಲ್ಲಿ ಮೊಟ್ಟೆಯಿಂದ ಬಲಿತ ನುಸಿಯಾಗಲು 8–10 ದಿನ ಸಾಕು. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ನುಸಿ ಅದಕ್ಕೆ ಬಗ್ಗುವುದಿಲ್ಲ. ಸುಗಂಧ ತೈಲದ ಕಡೆ ನಾನು ತಿರುಗಿದ್ದು ಇದೇ ಕಾರಣಕ್ಕೆ. ರೋಸ್‌ಮೇರಿ ಎಣ್ಣೆಯಲ್ಲಿ ಸಿನಿಯೋಲ್, ಕರ್ಪೂರ, ಪೈನೀನ್ ಹೀಗೆ ಹಲವು ಅಂಶಗಳು ಒಟ್ಟಿಗೆ ಇರುತ್ತವೆ; ಹಾಗಾಗಿ ನುಸಿ ಇದಕ್ಕೆ ಅಷ್ಟು ಸುಲಭವಾಗಿ ಒಗ್ಗಿಕೊಳ್ಳುವುದಿಲ್ಲ.

ಲವಂಗದ ಎಣ್ಣೆಯೂ ನುಸಿಯನ್ನು ಕೊಲ್ಲುತ್ತದೆ. ಆದರೆ ಅದನ್ನು ಕಳೆ ಸುಡಲೂ ಬಳಸುತ್ತಾರೆ ಎಂಬುದು ಗೊತ್ತಿದ್ದರಿಂದ ಗುಲಾಬಿಯ ಚಿಗುರಿನ ಹತ್ತಿರ ತರಲಿಲ್ಲ.

ಲೀಟರ್ ನೀರಿಗೆ 2 ಮಿ.ಲೀ. ಎಣ್ಣೆ ಹಾಕುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ. ಮೊದಲು ಎಣ್ಣೆಗೆ ಪೊಟ್ಯಾಶ್ ಸೋಪಿನ ದ್ರಾವಣ ಸೇರಿಸಿ, ಸ್ವಲ್ಪ ಉಗುರುಬೆಚ್ಚಗಿನ ನೀರಲ್ಲಿ ಹಾಲಿನಂತೆ ಬೆಳ್ಳಗಾಗುವವರೆಗೆ ಕಲಕುತ್ತೇನೆ. ಆಮೇಲೆ ಟ್ಯಾಂಕಿಗೆ. ಎಣ್ಣೆ ಮೇಲೆ ತೇಲಿತೋ, ಎಲೆ ಸುಟ್ಟಿತೆಂದೇ ಲೆಕ್ಕ. ಮೊದಲು ನಾಲ್ಕೈದು ಗಿಡಕ್ಕೆ ಹೊಡೆದು ಎರಡು ದಿನ ಕಾದು ನೋಡುತ್ತೇನೆ. ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಬೇಕೇ ಬೇಕು. ನೀರು ಬೆರೆಸದ ಎಣ್ಣೆ ಚರ್ಮ ಉರಿಸುತ್ತದೆ.

ಕೆಲಸ ಕೆಡುವುದೂ ಆಗುವುದೂ ಹೊಡೆಯುವ ರೀತಿಯಲ್ಲಿ. ಈ ಎಣ್ಣೆ ಗಿಡದೊಳಗೆ ಇಳಿಯುವುದಿಲ್ಲ, ಮೈಗೆ ತಾಗಿದ ನುಸಿ ಮಾತ್ರ ಸಾಯುತ್ತದೆ. ನುಸಿ ಇರುವುದು ಎಲೆಯ ಅಡಿಯಲ್ಲಿ, ಅದೂ ಬಗ್ಗಿಸಿದ ಕೊಂಬೆಗಳ ಕೆಳ ಎಲೆಗಳಲ್ಲಿ. ಹಾಗಾಗಿ ನಾಜಲ್ ಮೇಲ್ಮುಖ ಮಾಡಿ, ಬೆಡ್‌ನ ಎರಡೂ ಬದಿಯಿಂದ ಎಲೆ ತೊಟ್ಟಿಕ್ಕುವಂತೆ ಹೊಡೆಯಬೇಕು. ಸೊಂಟ ನೋಯುತ್ತದೆ, ಆದರೂ ಇದನ್ನು ಅವಸರದಲ್ಲಿ ಮಾಡಿಸುವುದಾದರೆ ಎಣ್ಣೆಗೆ ದುಡ್ಡು ಹಾಕುವುದೇ ಬೇಡ. ಮೊಟ್ಟೆಗಳು ಬಹುತೇಕ ಉಳಿದುಬಿಡುತ್ತವೆ. ಅವು ಮೂರ್ನಾಲ್ಕು ದಿನದಲ್ಲಿ ಒಡೆಯುವುದರಿಂದ ಐದನೇ ದಿನ ಮತ್ತೊಮ್ಮೆ, ಹತ್ತನೇ ದಿನ ಇನ್ನೊಮ್ಮೆ ಹೊಡೆಯುತ್ತೇನೆ.

ಸಂಜೆ ಹೊಡೆಯಿರಿ ಎನ್ನುವವರಿದ್ದಾರೆ. ಬಯಲಲ್ಲಿ ಅದು ಸರಿಯೇ ಇರಬಹುದು. ಪಾಲಿಹೌಸ್‌ನಲ್ಲಿ ಎಲೆ ರಾತ್ರಿಯೆಲ್ಲ ಒದ್ದೆ ಇದ್ದರೆ ಡೌನಿ ಎಂಬ ಎಲೆ ರೋಗಕ್ಕೆ ದಾರಿ. ನಾನು ಬೆಳಿಗ್ಗೆ ಹೂ ಕೊಯ್ದ ಕೂಡಲೇ, ಬಿಸಿಲೇರುವ ಮುಂಚೆ ಮುಗಿಸುತ್ತೇನೆ. ಅರಳುತ್ತಿರುವ ಹೂವಿನ ಮೇಲೆ ಬಿದ್ದರೆ ದಳದಲ್ಲಿ ಕಲೆ ನಿಲ್ಲುತ್ತದೆ.

ಬೂದಿ ರೋಗಕ್ಕೆ ಗಂಧಕ ಹೊಡೆದಿದ್ದರೆ ಎರಡು ವಾರ ಎಣ್ಣೆ ಮುಟ್ಟುವಂತಿಲ್ಲ. ಎರಡೂ ಸೇರಿದರೆ ಗಿಡ ಸುಡುತ್ತದೆ.

ವಾರಕ್ಕೆರಡು ಸಲ ಬಾಗಿಲ ಪಕ್ಕದ ಬೆಡ್‌ಗಳಲ್ಲಿ ಎಲೆ ತಿರುಗಿಸಿ ಭೂತಗನ್ನಡಿಯಲ್ಲಿ ನೋಡುತ್ತೇವೆ. ಎಲೆ ಮೇಲೆ ಬಿಳಿ ಚುಕ್ಕಿ ಕಂಡ ಜಾಗಕ್ಕಷ್ಟೇ ಎಣ್ಣೆ. ಅದು ಬೇಗ ಆವಿಯಾಗುವುದರಿಂದ ನುಸಿಯನ್ನೇ ತಿನ್ನುವ ಪರಭಕ್ಷಕ ನುಸಿಗಳು ಸುತ್ತಲ ಗಿಡಗಳಿಂದ ಮತ್ತೆ ಬರುತ್ತವೆ. ಎರಡು ಚುಕ್ಕಿ ನುಸಿ ಎಲೆಗೆ ಬಲೆ ಕಟ್ಟುವಷ್ಟು ಹೆಚ್ಚಿಬಿಟ್ಟರೆ ಎಣ್ಣೆಯನ್ನು ನಂಬಿ ಕೂರುವುದಿಲ್ಲ. ಕೆಳ ಎಲೆ ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಸಾಗಿಸಿ, ಹಿಂದಿನ ಸಲ ಬಳಸದ, ಬೇರೆ ರೀತಿಯಲ್ಲಿ ಕೊಲ್ಲುವ ಗುಂಪಿನ ನುಸಿನಾಶಕವನ್ನು ಒಮ್ಮೆ ಹೊಡೆಯುತ್ತೇನೆ.